ಹಗುರ ಲಿನಕ್ಸ್ ಭಾರವಾಗದಂತೆ ಸಾಫ್ಟ್‌ವೇರ್ ಹಾಕಿಕೊಳ್ಳುವುದು ಹೇಗೆ?

ಪ್ರಶ್ನೆ: ಸರ್, ಬಾಗಲಕೋಟೆ ಜಿಲ್ಲೆಯ ಮಹಾಲಿಂಗಪುರದಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಪಹಣಿ ತೆಗೆಯುವುದು, ಜಾತಿ-ಆದಾಯ ಪ್ರಮಾಣಪತ್ರದ ಅರ್ಜಿ, ಸ್ಕಾಲರ್‌ಶಿಪ್ ಅರ್ಜಿ, ಕನ್ನಡ ಟೈಪಿಂಗ್ ಎಲ್ಲಾ ಮಾಡುತ್ತೇನೆ. ಹಳೆಯ ಡೆಸ್ಕ್‌ಟಾಪ್, 2 ಜಿಬಿ ರ‍್ಯಾಮ್, 120 ಜಿಬಿ ಎಸ್‌ಎಸ್‌ಡಿ. ವಿಂಡೋಸ್ ಎಳೆಯುತ್ತಿರಲಿಲ್ಲ. ಗೆಳೆಯನೊಬ್ಬ ಡೆಬಿಯನ್ 12 ಅನ್ನೋ ಲಿನಕ್ಸ್ ಹಾಕಿ, ಅದರ ಮೇಲೆ ಎಲ್‌ಎಕ್ಸ್‌ಕ್ಯೂಟಿ ಡೆಸ್ಕ್‌ಟಾಪ್ ಮಾತ್ರ ಕೂರಿಸಿಕೊಟ್ಟ. ಆಗ ಬಹಳ ಚುರುಕಾಗಿತ್ತು. ಆಮೇಲೆ ನಾನು ಲಿಬ್ರೆ ಆಫೀಸ್, ಗೂಗಲ್ ಕ್ರೋಮ್, ಫೋಟೋ ತಿದ್ದಲು ಗಿಂಪ್, ಪ್ರಿಂಟರ್ ಸಾಫ್ಟ್‌ವೇರ್, ಕನ್ನಡ ಫಾಂಟು, ಕೀಬೋರ್ಡು, ಅರ್ಜಿಗಳ ಕೊನೆಯ ದಿನಾಂಕ ನೆನಪಿಡಲು ಕೆ-ಆರ್ಗನೈಸರ್ ಹಾಕಿಕೊಂಡೆ. ಈಗ ಶುರುವಾಗಲು ತುಂಬಾ ಹೊತ್ತು ಬೇಕು. ಬ್ರೌಸರ್ ತೆರೆದರೆ ಮೌಸ್ ಕೂಡ ತಡೆದು ತಡೆದು ಓಡುತ್ತದೆ. ಎಲ್ಲಾ ಅಳಿಸಿ ಮತ್ತೆ ಹಾಕಬೇಕಾ? ಮುಂದೆ ಸಾಫ್ಟ್‌ವೇರ್ ಹಾಕುವಾಗ ಏನು ನೋಡಬೇಕು? ಮನೆಯಲ್ಲಿ ಒಂದು ಪೆಂಟಿಯಮ್ 4 ಕೂಡ ಇದೆ. ಮಗನಿಗೆ ಅದರಲ್ಲೂ ಇದನ್ನೇ ಹಾಕಿಕೊಡಲಾ?

ಉತ್ತರ: ಅಳಿಸಬೇಡಿ. ನೀವು ಹೇಳಿದ್ದರಲ್ಲಿ ಸರಿಪಡಿಸಲಾಗದ್ದು ಯಾವುದೂ ಇಲ್ಲ. ಆದರೆ ಕೈ ಹಾಕುವ ಮೊದಲು ಒಂದು ವಿಷಯ ಸ್ಪಷ್ಟವಾಗಬೇಕು, ಯಾಕೆಂದರೆ ಮುಂದಿನದ್ದೆಲ್ಲ ಅದರ ಮೇಲೇ ನಿಂತಿದೆ. ಡಿಸ್ಕಿನಲ್ಲಿ ಸುಮ್ಮನೆ ಕುಳಿತಿರುವ ಸಾಫ್ಟ್‌ವೇರ್ ಯಂತ್ರವನ್ನು ನಿಧಾನ ಮಾಡುವುದಿಲ್ಲ. ನಿಧಾನ ಮಾಡುವುದು ನೀವು ಕರೆಯದೆಯೇ ಎದ್ದು ರ‍್ಯಾಮಿನಲ್ಲಿ ಕೂರುವ ಸಾಫ್ಟ್‌ವೇರ್. 120 ಜಿಬಿ ಡಿಸ್ಕಿನಲ್ಲಿ ಲಿಬ್ರೆ ಆಫೀಸ್ ಒಂದು ಜಿಬಿ ಜಾಗ ಹಿಡಿದರೂ ನಿಮಗೆ ನಷ್ಟವಿಲ್ಲ. ಎಲ್ಲೋ ಹಿಂದೆ ಓಡುವ ಒಂದು ಸಣ್ಣ ಸೇವೆ 100 ಎಂಬಿ ರ‍್ಯಾಮ್ ಹಿಡಿದರೆ, 2 ಜಿಬಿಯ ಯಂತ್ರದಲ್ಲಿ ಅದು ದೊಡ್ಡ ನಷ್ಟ. ಹೆಚ್ಚಿನವರು ಡಿಸ್ಕಿನ ಲೆಕ್ಕ ನೋಡುತ್ತಾ ಕೂರುತ್ತಾರೆ. ನೀವು ರ‍್ಯಾಮಿನ ಲೆಕ್ಕ ನೋಡಿ.

ಟೈನಿ ಕೋರ್ ಅನ್ನೋ ಪುಟ್ಟ ಲಿನಕ್ಸ್ ಇದೆ. ಅದರ ಗ್ರಾಫಿಕಲ್ ಆವೃತ್ತಿಯ ಇಳಿಸಿಕೊಳ್ಳುವ ಫೈಲ್ 30 ಎಂಬಿ ಕೂಡ ಇಲ್ಲ. ಅದರಲ್ಲಿ ಯಾವುದೇ ಸಾಫ್ಟ್‌ವೇರ್ ಇಳಿಸಿಕೊಳ್ಳುವಾಗ ಎರಡು ದಾರಿ ಇರುತ್ತವೆ. ಒಂದು ಆನ್‌ಬೂಟ್, ಅಂದರೆ ಯಂತ್ರ ಶುರುವಾದಾಗಲೇ ತೆರೆದಿಡು. ಇನ್ನೊಂದು ಆನ್‌ಡಿಮ್ಯಾಂಡ್, ಅಂದರೆ ಕೇಳಿದಾಗ ಮಾತ್ರ ತೆರೆ. ಡೆಬಿಯನ್ ಈ ಪ್ರಶ್ನೆಯನ್ನು ನಿಮಗೆ ಕೇಳುವುದಿಲ್ಲ. ಅಷ್ಟೇ ಅಲ್ಲ, ಡೆಬಿಯನ್‌ನಲ್ಲಿ ಸೇವೆ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮ್) ಇರುವ ಪ್ಯಾಕೇಜ್, ಅಂದರೆ ಸಾಫ್ಟ್‌ವೇರಿನ ಕಟ್ಟು, ಹಾಕಿದರೆ ಸಾಮಾನ್ಯವಾಗಿ ಅದು ಆ ಕ್ಷಣವೇ ಶುರುವಾಗುತ್ತದೆ, ಮುಂದೆ ಪ್ರತಿ ಸಲ ಬೂಟ್ ಆದಾಗಲೂ ಏಳುತ್ತದೆ. ಆದ್ದರಿಂದ ಆ ಪ್ರಶ್ನೆಯನ್ನು ನೀವೇ ಕೇಳಿಕೊಳ್ಳಬೇಕು.

ಮೊದಲು ಈಗಿನ ಸ್ಥಿತಿ ನೋಡಿ. ಯಂತ್ರ ಆನ್ ಮಾಡಿ, ಏನೂ ತೆರೆಯದೆ, ಟರ್ಮಿನಲ್‌ನಲ್ಲಿ 'ಫ್ರೀ' ಆಜ್ಞೆ ಕೊಡಿ. ಅದರಲ್ಲಿ 'ಫ್ರೀ' ಅನ್ನೋ ಕಾಲಂ ನೋಡಿ ಗಾಬರಿಯಾಗಬೇಡಿ. ಖಾಲಿ ಇರುವ ರ‍್ಯಾಮನ್ನು ಲಿನಕ್ಸ್ ಫೈಲುಗಳ ಕ್ಯಾಷ್‌ಗೆ ಬಳಸಿಕೊಳ್ಳುತ್ತದೆ, ಬೇಕಾದಾಗ ಬಿಟ್ಟುಕೊಡುತ್ತದೆ. ನೋಡಬೇಕಾದ್ದು 'ಅವೈಲೆಬಲ್' ಕಾಲಂ. ಅದು ನಿಮ್ಮ ನಿಜವಾದ ಬಂಡವಾಳ. ಅದನ್ನು ಒಂದು ಚೀಟಿಯಲ್ಲಿ ಬರೆದಿಡಿ. ಮುಂದೆ ಏನೇ ಹಾಕಿದರೂ ಯಂತ್ರ ಒಮ್ಮೆ ರೀಸ್ಟಾರ್ಟ್ ಮಾಡಿ ಈ ಅಂಕಿ ಮತ್ತೆ ನೋಡಿ. ಎಷ್ಟು ಇಳಿಯಿತೋ ಅಷ್ಟು ಆ ಸಾಫ್ಟ್‌ವೇರ್ ನಿಮ್ಮಿಂದ ದಿನವೂ ವಸೂಲಿ ಮಾಡುವ ಬಾಡಿಗೆ.

ಇನ್ನು ಏಳುವವರು ಯಾರ‍್ಯಾರು ಅಂತ ಎರಡು ಕಡೆ ನೋಡಬೇಕು. ಒಂದು, ಸೇವೆಗಳನ್ನು ಎಬ್ಬಿಸಿ ನಡೆಸುವ ಸಿಸ್ಟಮ್‌ಡಿಯ ಪಟ್ಟಿ. 'ಸಿಸ್ಟಮ್‌ಸಿಟಿಎಲ್' ಆಜ್ಞೆ ಈಗ ಓಡುತ್ತಿರುವ ಸೇವೆಗಳನ್ನು ತೋರಿಸುತ್ತದೆ. 'ಸಿಸ್ಟಮ್‌ಡಿ-ಅನಲೈಜ್ ಬ್ಲೇಮ್' ಅಂತ ಕೊಟ್ಟರೆ ಬೂಟ್ ಆಗುವಾಗ ಯಾವುದು ಎಷ್ಟು ಹೊತ್ತು ತೆಗೆದುಕೊಂಡಿತು ಅಂತ ಸಾಲಾಗಿ ಬರುತ್ತದೆ. ಇನ್ನೊಂದು, ಎಲ್‌ಎಕ್ಸ್‌ಕ್ಯೂಟಿಯ ಸೆಷನ್ ಸೆಟ್ಟಿಂಗ್ಸ್ ಒಳಗಿನ ಆಟೋಸ್ಟಾರ್ಟ್ ಪಟ್ಟಿ. ಲಾಗಿನ್ ಆದ ಕೂಡಲೇ ಏಳುವವು ಅಲ್ಲಿರುತ್ತವೆ. ಬೇಡವಾದದ್ದರ ಟಿಕ್ ತೆಗೆದರೆ ಆಯಿತು, ಸಾಫ್ಟ್‌ವೇರನ್ನೇ ಕೀಳಬೇಕಿಲ್ಲ.

ನಿಮ್ಮ ಪಟ್ಟಿಯಲ್ಲಿ ನನ್ನ ಅನುಮಾನ ಮೊದಲು ಹೋಗುವುದು ಕೆ-ಆರ್ಗನೈಸರ್ ಮೇಲೆ. ಅದು ಒಳ್ಳೆಯ ಸಾಫ್ಟ್‌ವೇರ್, ತಪ್ಪು ಅದರದ್ದಲ್ಲ. ಅದು ಕೆಡಿಇ ಅನ್ನೋ ದೊಡ್ಡ ಡೆಸ್ಕ್‌ಟಾಪ್‌ನ ಕ್ಯಾಲೆಂಡರ್. ಅದು ತನ್ನ ಮಾಹಿತಿಯನ್ನು ನೇರವಾಗಿ ಒಂದು ಫೈಲಿನಲ್ಲಿ ಇಡುವುದಿಲ್ಲ, ಅಕೊನಾಡಿ ಅನ್ನೋ ಸೇವೆಯ ಮೂಲಕ ಇಡುತ್ತದೆ. ಅಕೊನಾಡಿಗೆ ಒಂದು ಡೇಟಾಬೇಸ್ ಬೇಕು. ಹಾಗಾಗಿ ಡೆಬಿಯನ್ 12ರಲ್ಲಿ ಅದರ ಜೊತೆಗೆ ಮರಿಯಾಡಿಬಿ ಸರ್ವರ್‌ನ ಮುಖ್ಯ ಭಾಗವೂ ಬಂದು ಕೂರುತ್ತದೆ. ಕ್ಯಾಲೆಂಡರ್ ತೆರೆದಾಗ ಅಕೊನಾಡಿ ಏಳುತ್ತದೆ, ಅದು ಡೇಟಾಬೇಸ್ ಸರ್ವರನ್ನು ಎಬ್ಬಿಸುತ್ತದೆ, ಜೊತೆಗೆ ಇನ್ನೂ ಕೆಲವು ಸಹಾಯಕ ಪ್ರಕ್ರಿಯೆಗಳು ಏಳುತ್ತವೆ. ಸ್ಕಾಲರ್‌ಶಿಪ್ ಅರ್ಜಿಯ ಕೊನೆಯ ದಿನ ನೆನಪಿಡಲು ಬ್ಯಾಂಕಿನ ಲೆಕ್ಕ ಇಡುವಂಥ ಡೇಟಾಬೇಸ್ ಓಡಿಸಿದಂತಾಯಿತು. ಕೆಡಿಇಯನ್ನೇ ಪೂರ್ತಿ ಬಳಸುವವರಿಗೆ ಇದು ಸರಿ. ಅವರ ಮೇಲ್, ವಿಳಾಸ, ಕ್ಯಾಲೆಂಡರ್ ಎಲ್ಲವೂ ಅದನ್ನೇ ಹಂಚಿಕೊಳ್ಳುತ್ತವೆ. ನಿಮಗೆ ಇದು ಬೇಡ. ಆಸ್ಮೊ ಅನ್ನೋ ಸಣ್ಣ ಕ್ಯಾಲೆಂಡರ್ ಇದೆ, ಅದು ಸಾಕು. ಅದೂ ಬೇಡವೆಂದರೆ ಹೇಗೂ ಲಿಬ್ರೆ ಆಫೀಸಿನ ಕ್ಯಾಲ್ಕ್ ಇದೆಯಲ್ಲ, ಅದರಲ್ಲೇ ಒಂದು ಹಾಳೆ ಮಾಡಿಕೊಳ್ಳಿ.

ಕೆ-ಆರ್ಗನೈಸರ್ ತೆಗೆಯುವಾಗ ಅದೊಂದನ್ನೇ 'ರಿಮೂವ್' ಮಾಡಿದರೆ ಜೊತೆಗೆ ಬಂದವು ಉಳಿದುಬಿಡುತ್ತವೆ. ಡೆಬಿಯನ್‌ನಲ್ಲಿ ಪ್ಯಾಕೇಜ್ ಹಾಕುವ, ತೆಗೆಯುವ ಆಜ್ಞೆ ಆಪ್ಟ್. 'ಆಪ್ಟ್ ಪರ್ಜ್' ಕೊಟ್ಟು ಅದನ್ನು ಸೆಟ್ಟಿಂಗ್ಸ್ ಸಮೇತ ತೆಗೆಯಿರಿ, ಆಮೇಲೆ 'ಆಪ್ಟ್ ಆಟೋರಿಮೂವ್' ಕೊಡಿ. ಇಷ್ಟಾದರೂ ನಿಮ್ಮ ಹೋಮ್ ಫೋಲ್ಡರ್ ಒಳಗಿನ ಅಕೊನಾಡಿಯ ಡೇಟಾಬೇಸ್ ಫೈಲುಗಳು ಹೋಗುವುದಿಲ್ಲ. ಬಳಕೆದಾರರ ಹೋಮ್ ಫೋಲ್ಡರನ್ನು ಆಪ್ಟ್ ಮುಟ್ಟುವುದೇ ಇಲ್ಲ. ಅಡಗಿಸಿದ ಫೋಲ್ಡರ್‌ಗಳನ್ನು ತೋರಿಸು ಅಂತ ಮಾಡಿ, ಲೋಕಲ್ ಫೋಲ್ಡರಿನ ಶೇರ್ ಒಳಗೆ ಅಕೊನಾಡಿ ಹೆಸರಿನದ್ದು ಇದ್ದರೆ ಕೈಯಾರೆ ಅಳಿಸಿ. ಬರೆದಿಟ್ಟ ದಿನಾಂಕಗಳನ್ನು ಮೊದಲು ಎಕ್ಸ್‌ಪೋರ್ಟ್ ಮಾಡಿಕೊಳ್ಳಲು ಮರೆಯಬೇಡಿ.

ಈಗ ನಿಮ್ಮ ಎರಡನೇ ಪ್ರಶ್ನೆ, ಹಾಕುವಾಗ ಏನು ನೋಡಬೇಕು ಅನ್ನೋದು. ಡೆಬಿಯನ್‌ನ ಒಂದೊಂದು ಪ್ಯಾಕೇಜ್ ಬೇರೆ ಪ್ಯಾಕೇಜ್‌ಗಳನ್ನು ಮುಖ್ಯವಾಗಿ ಮೂರು ಬಗೆಯಲ್ಲಿ ಕೇಳುತ್ತದೆ. ಡಿಪೆಂಡ್ಸ್ ಅಂದರೆ ಇವಿಲ್ಲದೆ ನಾನು ಓಡುವುದೇ ಇಲ್ಲ. ರೆಕಮೆಂಡ್ಸ್ ಅಂದರೆ ಹೆಚ್ಚಿನವರಿಗೆ ಇವು ಬೇಕಾಗುತ್ತವೆ. ಸಜೆಸ್ಟ್ಸ್ ಅಂದರೆ ಇದ್ದರೆ ಚೆನ್ನ. ಮೊದಲಿನ ಎರಡು ಬಗೆಯವನ್ನು ಆಪ್ಟ್ ತಾನಾಗಿ ತರುತ್ತದೆ. ಕೊನೆಯವುಗಳ ಹೆಸರು ಮಾತ್ರ ಹೇಳುತ್ತದೆ. ಹಗುರ ಯಂತ್ರ ಭಾರವಾಗುವುದು ಮುಖ್ಯವಾಗಿ ಈ ಎರಡನೇ ಬಗೆಯಿಂದ. ಒಂದರ ರೆಕಮೆಂಡ್ಸ್ ಬರುತ್ತದೆ, ಅದರ ರೆಕಮೆಂಡ್ಸ್ ಮತ್ತೆ ಬರುತ್ತದೆ, ಬಾಲ ಬೆಳೆಯುತ್ತಾ ಹೋಗುತ್ತದೆ.

ಇದನ್ನು ತಡೆಯಲು ಆಪ್ಟ್ ಇನ್‌ಸ್ಟಾಲ್ ಆಜ್ಞೆಗೆ 'ನೋ-ಇನ್‌ಸ್ಟಾಲ್-ರೆಕಮೆಂಡ್ಸ್' ಅನ್ನೋ ಆಯ್ಕೆ ಇದೆ. ಅದರ ಮುಂದೆ ಎರಡು ಅಡ್ಡಗೆರೆ, ನಡುವೆ ಒಂದೊಂದು ಅಡ್ಡಗೆರೆ. ಆಜ್ಞೆಯ ಬದಲು ಕಿಟಕಿಯಲ್ಲಿ ಪ್ಯಾಕೇಜ್ ಆರಿಸಿ ಹಾಕುವ ಸಿನಾಪ್ಟಿಕ್ ಬಳಸುತ್ತಿದ್ದರೆ ಪ್ರಿಫರೆನ್ಸಸ್‌ನಲ್ಲಿ ರೆಕಮೆಂಡ್ ಆದ ಪ್ಯಾಕೇಜ್‌ಗಳನ್ನು ಡಿಪೆಂಡೆನ್ಸಿಯಂತೆ ಪರಿಗಣಿಸು ಅನ್ನೋ ಟಿಕ್ ಸಿಗುತ್ತದೆ, ಅದನ್ನು ತೆಗೆಯಬಹುದು. ಆದರೆ ಇಲ್ಲಿ ನನ್ನ ಅಭಿಪ್ರಾಯ ಬಹಳ ಜನ ಕೊಡುವ ಸಲಹೆಗಿಂತ ಬೇರೆ. ಇದನ್ನು ಶಾಶ್ವತವಾಗಿ ಆಫ್ ಮಾಡಿ ಇಡಬೇಡಿ. ರೆಕಮೆಂಡ್ಸ್ ಪಟ್ಟಿಯನ್ನು ಪ್ಯಾಕೇಜ್ ಸಿದ್ಧಪಡಿಸಿದವರು ಯೋಚಿಸಿ ಬರೆದಿರುತ್ತಾರೆ. ಪ್ರಿಂಟರ್‌ಗೆ ಬೇಕಾದ ಕಪ್ಸ್ ಹಾಕುವಾಗ ನೆಟ್‌ವರ್ಕಿನಲ್ಲಿರುವ ಪ್ರಿಂಟರ್ ಹುಡುಕಿಕೊಡುವ ಅವಾಹಿ ಅನ್ನೋ ಸೇವೆ ರೆಕಮೆಂಡ್ಸ್ ಆಗಿ ಬರುತ್ತದೆ. ಯುಎಸ್‌ಬಿ ಕೇಬಲ್ ಹಾಕಿದ ಹಳೆಯ ಪ್ರಿಂಟರ್ ಆದರೆ ಅದು ಬೇಡ, ಬಿಟ್ಟುಬಿಡಿ. ನಾಳೆ ವೈಫೈ ಪ್ರಿಂಟರ್ ತಂದಿರಿ ಅನ್ನಿ, ಅವಾಹಿ ಇಲ್ಲದಿದ್ದರೆ ಪ್ರಿಂಟರ್ ತಾನಾಗಿ ಕಾಣಿಸುವುದಿಲ್ಲ. ಗ್ರಾಹಕ ಎದುರಿಗೆ ನಿಂತಿರುವಾಗ ಯಾಕೆ ಅಂತ ಗೊತ್ತಾಗದೆ ತಲೆ ಕೆರೆದುಕೊಳ್ಳಬೇಕಾಗುತ್ತದೆ.

ಅದಕ್ಕೇ ನಾನು ಹೇಳುವ ಕ್ರಮ ಬೇರೆ. ಆಪ್ಟ್ ಇನ್‌ಸ್ಟಾಲ್ ಕೊಟ್ಟಾಗ ಅದು ಒಂದು ಪಟ್ಟಿ ತೋರಿಸಿ, ಡಿಸ್ಕಿನಲ್ಲಿ ಎಷ್ಟು ಜಾಗ ಹೋಗುತ್ತದೆ ಅಂತ ಹೇಳಿ, ಮುಂದುವರಿಯಲೇ ಅಂತ ಕೇಳುತ್ತದೆ. ಅಲ್ಲಿ ಕೈ ತಾನಾಗಿ ಎಂಟರ್ ಒತ್ತದಿರಲಿ. ಒಂದು ನಿಮಿಷ ಪಟ್ಟಿ ಓದಿ. ನಾಲ್ಕೈದು ಹೆಸರಿದ್ದರೆ ಚಿಂತೆ ಬೇಡ, ಮುಂದುವರಿಯಿರಿ. ನಲವತ್ತು ಹೆಸರು ಬಂದರೆ ಬೇಡ ಅನ್ನಿ, ಈಗ ರೆಕಮೆಂಡ್ಸ್ ಇಲ್ಲದೆ ಅದೇ ಆಜ್ಞೆ ಕೊಟ್ಟು ನೋಡಿ. ಎರಡು ಪಟ್ಟಿಗಳ ನಡುವಿನ ವ್ಯತ್ಯಾಸದಲ್ಲಿ ನಿಮ್ಮ ಉತ್ತರ ಇರುತ್ತದೆ. ಹೆಸರಿನ ಕೊನೆಯಲ್ಲಿ 'ಸರ್ವರ್' ಅಥವಾ 'ಡೀಮನ್' ಅಂತ ಇರುವುದು ಕಂಡರೆ ನಿಲ್ಲಿ. ಏಳುವವರು ಸಾಮಾನ್ಯವಾಗಿ ಅವರೇ. ಲಿಬ್ರೆ ಆಫೀಸಿನಂಥವು ಬಿಟ್ಟರೆ 'ಲಿಬ್' ಅಂತ ಶುರುವಾಗುವವು ಹೆಚ್ಚಾಗಿ ಲೈಬ್ರರಿಗಳು, ಅಂದರೆ ಬೇರೆ ಸಾಫ್ಟ್‌ವೇರ್‌ಗಳು ಹಂಚಿಕೊಂಡು ಬಳಸುವ ಫೈಲುಗಳು, ಜಾಗ ಹಿಡಿಯುತ್ತವೆ ಹೊರತು ತಾವಾಗಿ ಓಡುವುದಿಲ್ಲ.

ಎಲ್‌ಎಕ್ಸ್‌ಕ್ಯೂಟಿ ಕಟ್ಟಿರುವುದು ಕ್ಯೂಟಿ ಅನ್ನೋ ಟೂಲ್‌ಕಿಟ್ (ಕಿಟಕಿ, ಗುಂಡಿ ಮೂಡಿಸುವ ಲೈಬ್ರರಿಗಳ ಗುಂಪು) ಮೇಲೆ. ಹಾಗಾಗಿ ಕ್ಯೂಟಿಯ ಸಾಫ್ಟ್‌ವೇರ್ ಹಾಕಿದರೆ ಲೈಬ್ರರಿಗಳು ಆಗಲೇ ಇರುತ್ತವೆ. ಪಿಡಿಎಫ್ ನೋಡಲು ಕ್ಯೂಪಿಡಿಎಫ್‌ವ್ಯೂ, ಬರೆದಿಟ್ಟುಕೊಳ್ಳಲು ಫೆದರ್‌ಪ್ಯಾಡ್ ಹೀಗೆ. ಆದರೆ ಎಚ್ಚರ, ಕೆಡಿಇಯದ್ದೂ ಕ್ಯೂಟಿಯೇ ಅಲ್ವಾ ಅಂತ ಪಿಡಿಎಫ್‌ಗೆ ಒಕ್ಯುಲರ್, ಸ್ಕ್ಯಾನಿಗೆ ಸ್ಕ್ಯಾನ್‌ಲೈಟ್ ಹಾಕಿದರೆ ಕ್ಯೂಟಿಯ ಜೊತೆ ಕೆಡಿಇಯ ಫ್ರೇಮ್‌ವರ್ಕ್‌ಗಳೂ ಬರುತ್ತವೆ.

ಲಿಬ್ರೆ ಆಫೀಸ್ ವಿಷಯಕ್ಕೆ ಬರೋಣ. ನೀವು 'ಲಿಬ್ರೆ ಆಫೀಸ್' ಅಂತಲೇ ಹಾಕಿದ್ದರೆ ಅದು ಮೆಟಾಪ್ಯಾಕೇಜ್. ತನ್ನೊಳಗೆ ಏನೂ ಇಲ್ಲ, ಉಳಿದವನ್ನೆಲ್ಲ ಕರೆತರುವುದೇ ಕೆಲಸ. ರೈಟರ್, ಕ್ಯಾಲ್ಕ್ ಜೊತೆಗೆ ಇಂಪ್ರೆಸ್, ಡ್ರಾ, ಮ್ಯಾಥ್, ಬೇಸ್ ಎಲ್ಲಾ ಬರುತ್ತವೆ. ಬೇಸ್‌ನ ಹಿಂದೆ ಜಾವಾ ಬರುತ್ತದೆ. ನಿಮ್ಮ ಅಂಗಡಿಗೆ ರೈಟರ್, ಕ್ಯಾಲ್ಕ್ ಎರಡೇ ಸಾಕು. ಆದರೆ ಇವೆಲ್ಲ ಡಿಸ್ಕಿನ ಲೆಕ್ಕ. ತೆರೆಯುವ ತನಕ ಇವು ರ‍್ಯಾಮ್ ಹಿಡಿಯುವುದಿಲ್ಲ, ಹಾಗಾಗಿ ಅವಸರ ಇಲ್ಲ.

ತೆಗೆಯಲೇಬೇಕು ಅನ್ನಿಸಿದರೆ ಇಲ್ಲೊಂದು ಹೊಂಡ ಇದೆ, ನೋಡಿ. ಮೆಟಾಪ್ಯಾಕೇಜ್ ತೆಗೆದ ಕೂಡಲೇ ಅದರ ಜೊತೆ ಬಂದ ರೈಟರ್ ಕೂಡ ಯಾರಿಗೂ ಬೇಡವಾದದ್ದು ಅಂತ ಆಪ್ಟ್ ತಿಳಿಯುತ್ತದೆ. ಆಟೋರಿಮೂವ್ ಕೊಟ್ಟರೆ ರೈಟರ್ ಹೋಗಿಬಿಡುತ್ತದೆ. ಅದಕ್ಕೆ ಮೊದಲೇ 'ಆಪ್ಟ್-ಮಾರ್ಕ್ ಮ್ಯಾನುಯಲ್' ಕೊಟ್ಟು ರೈಟರ್, ಕ್ಯಾಲ್ಕ್ ಎರಡನ್ನೂ ನಾನೇ ಬೇಕೆಂದು ಹಾಕಿದ್ದು ಅಂತ ಗುರುತು ಮಾಡಿ. ಆಮೇಲೆ ಮೆಟಾಪ್ಯಾಕೇಜ್ ಮತ್ತು ಬೇಸ್ ತೆಗೆಯಿರಿ, ಆಟೋರಿಮೂವ್ ಕೊಡಿ, ಅದು ತೋರಿಸುವ ಪಟ್ಟಿಯನ್ನು ಪೂರ್ತಿ ಓದಿಯೇ ಹೂಂ ಅನ್ನಿ. ಇನ್ನೊಂದು ವಿಷಯ. ಉಳಿದ ಯಾವುದೋ ಪ್ಯಾಕೇಜ್ ರೆಕಮೆಂಡ್ ಮಾಡುತ್ತಿರುವುದನ್ನು ಆಟೋರಿಮೂವ್ ತೆಗೆಯುವುದಿಲ್ಲ. ಎಲ್ಲಾ ತೆಗೆದರೂ ಇದ್ಯಾಕೆ ಉಳಿಯಿತು ಅಂತ ಅನ್ನಿಸಿದರೆ ಹೆಚ್ಚಾಗಿ ಕಾರಣ ಇದೇ.

ಹಗುರ ಅಂತ ರೈಟರ್ ಬದಲು ಅಬಿವರ್ಡ್ ಹಾಕಿಕೊಳ್ಳಿ ಅಂತ ನಿಮಗೆ ಯಾರಾದರೂ ಹೇಳಬಹುದು. ಗ್ರಾಹಕರು ವರ್ಡ್ ಫೈಲ್ ತರುವ ಅಂಗಡಿಗೆ ನಾನು ಅದನ್ನು ಹೇಳುವುದಿಲ್ಲ. ಪುಟದ ಅಳತೆ, ಟೇಬಲ್ ಎಲ್ಲಾ ಕೆಡುತ್ತವೆ. ಕೆಲಸಕ್ಕೆ ಬೇಕಾದದ್ದು ದೊಡ್ಡದಾದರೂ ಇರಲಿ. ಬೇಡವಾದದ್ದು ಚಿಕ್ಕದಾದರೂ ಬೇಡ.

ಕನ್ನಡಕ್ಕೆ ಬರುತ್ತೇನೆ, ಇದು ನನಗೆ ಇಷ್ಟದ ಭಾಗ. ಫಾಂಟಿಗೆ 'ಫಾಂಟ್ಸ್-ನೋಟೊ' ಅಂತ ಪೂರ್ತಿ ಹಾಕಿದರೆ ಜಗತ್ತಿನ ಹತ್ತಾರು ಲಿಪಿಗಳು, ಚೀನಿ-ಜಪಾನಿ-ಕೊರಿಯನ್ ಅಕ್ಷರಗಳ ದೊಡ್ಡ ಫೈಲುಗಳು ಎಲ್ಲಾ ಬಂದುಬಿಡುತ್ತವೆ. ರೈಟರ್‌ನ ಫಾಂಟ್ ಪಟ್ಟಿಯಲ್ಲಿ ನಿಮಗೆ ಬೇಕಾದದ್ದು ಹುಡುಕುವುದೇ ಕಷ್ಟ. ಡೆಬಿಯನ್‌ನಲ್ಲಿ 'ಫಾಂಟ್ಸ್-ಕೆಎನ್‌ಡಿಎ' ಅನ್ನೋ ಪುಟ್ಟ ಪ್ಯಾಕೇಜ್ ಇದೆ. ಅದರಲ್ಲಿ ಗುಬ್ಬಿ, ನವಿಲು ಅನ್ನೋ ಎರಡು ಕನ್ನಡ ಯೂನಿಕೋಡ್ ಫಾಂಟ್‌ಗಳು ಬರುತ್ತವೆ. ಗ್ರಾಹಕರು ಯೂನಿಕೋಡ್ ಅಲ್ಲದ ಹಳೆಯ ಕಡತ ತಂದರೆ ಆ ಒಂದು ಫಾಂಟ್ ಫೈಲನ್ನು ಹೋಮ್‌ನ ಫಾಂಟ್ಸ್ ಫೋಲ್ಡರಿಗೆ ನಕಲು ಮಾಡಿಕೊಂಡರೆ ಆಯಿತು.

ಕೀಬೋರ್ಡ್‌ಗೆ ಹೆಚ್ಚಿನವರು ಐಬಸ್ ಅನ್ನೋ ಟೈಪಿಂಗ್ ಸಾಫ್ಟ್‌ವೇರ್ ಹಾಕಿಕೊಳ್ಳುತ್ತಾರೆ. ಅದು ಲಾಗಿನ್‌ನಿಂದ ಲಾಗೌಟ್ ತನಕ ಓಡುತ್ತಲೇ ಇರುತ್ತದೆ. ಆದರೆ ನಿಮ್ಮ ಯಂತ್ರದಲ್ಲಿ ಏನೂ ಹಾಕದೆಯೇ ಕನ್ನಡ ಕೀಬೋರ್ಡ್ ಇದೆ! ಎಕ್ಸ್‌ಕೆಬಿ ಅನ್ನೋ ಮೂಲ ಕೀಬೋರ್ಡ್ ವ್ಯವಸ್ಥೆಯಲ್ಲೇ ಇಂಡಿಯನ್ ಲೇಔಟ್ ಕೆಳಗೆ ಕನ್ನಡ ಮತ್ತು ಕನ್ನಡ-ಕಗಪ ಅಂತ ಎರಡು ಬಗೆ ಇವೆ. ಎಲ್‌ಎಕ್ಸ್‌ಕ್ಯೂಟಿಯ ಕೀಬೋರ್ಡ್ ಸೆಟ್ಟಿಂಗ್ಸ್‌ಗೆ ಹೋಗಿ ಸೇರಿಸಿಕೊಳ್ಳಿ, ಇಂಗ್ಲಿಷ್-ಕನ್ನಡ ಬದಲಿಸಲು ಒಂದು ಕೀ ಗೊತ್ತು ಮಾಡಿ. ರ‍್ಯಾಮಿನ ಖರ್ಚು ಇಲ್ಲವೆಂದೇ ಹೇಳಬಹುದು. ಆದರೆ ನುಡಿ ಸಾಫ್ಟ್‌ವೇರಿನಲ್ಲಿ ಪಳಗಿದ ಕೈಗೆ ವ್ಯತ್ಯಾಸ ಗೊತ್ತಾಗುತ್ತದೆ. ಎಕ್ಸ್‌ಕೆಬಿ ಒಂದು ಕೀಗೆ ಒಂದು ಅಕ್ಷರ ಕೊಡುತ್ತದೆ ಅಷ್ಟೇ. ಹಿಂದಿನ ಅಕ್ಷರ ವ್ಯಂಜನವೋ ಅಲ್ಲವೋ ಅಂತ ನೋಡಿ ಸ್ವರವನ್ನು ಗುಣಿತ ಮಾಡುವ ಜಾಣತನ ಅದಕ್ಕಿಲ್ಲ. ದಿನಕ್ಕೆ ಒಂದೆರಡು ಅರ್ಜಿಯಲ್ಲಿ ಹೆಸರು ವಿಳಾಸ ಹೊಡೆಯುವುದಾದರೆ ಅದು ಸಾಕು. ಪುಟಗಟ್ಟಲೆ ಟೈಪ್ ಮಾಡುವುದಾದರೆ ಐಬಸ್ ಮತ್ತು ಅದರ ಎಂ17ಎನ್ ಎಂಜಿನ್ ಇಟ್ಟುಕೊಳ್ಳಿ, ಅದರಲ್ಲಿ ಕೆಜಿಪಿ (ಕಗಪ) ಅನ್ನೋ ಆಯ್ಕೆ ಇದೆ. ಟೈಪಿಂಗ್ ನಿಮ್ಮ ಹೊಟ್ಟೆಪಾಡು. ಅದಕ್ಕೆ ಕೊಡುವ ರ‍್ಯಾಮ್ ದಂಡವಲ್ಲ.

ಗಿಂಪ್ ಅನ್ನು ನೀವು ಹೇಗೆ ಹಾಕಿದಿರಿ ಅಂತ ಬರೆದಿಲ್ಲ. ಆಪ್ಟ್ ಬಿಟ್ಟು ಫ್ಲಾಟ್‌ಪ್ಯಾಕ್ ಅನ್ನೋ ಬೇರೆ ವ್ಯವಸ್ಥೆಯ ಮೂಲಕ ಹಾಕಿದ್ದರೆ ಡಿಸ್ಕಿನಲ್ಲಿ ಒಳ್ಳೆ ಜಾಗ ಹೋಗಿರುತ್ತದೆ. ಫ್ಲಾಟ್‌ಪ್ಯಾಕ್ ಸಾಫ್ಟ್‌ವೇರ್ ನಿಮ್ಮ ಡೆಬಿಯನ್‌ನ ಲೈಬ್ರರಿ ಬಳಸುವುದಿಲ್ಲ, ತನ್ನದೇ ರನ್‌ಟೈಮ್, ಅಂದರೆ ತನ್ನದೇ ಲೈಬ್ರರಿಗಳ ಕಟ್ಟು, ತರುತ್ತದೆ. ಅದೇ ರನ್‌ಟೈಮ್ ಬಳಸುವ ಎರಡನೇ ಸಾಫ್ಟ್‌ವೇರ್ ಅಗ್ಗಕ್ಕೆ ಸಿಗುತ್ತದೆ, ಆದರೆ ಒಂದೇ ಒಂದಕ್ಕಾಗಿ ಫ್ಲಾಟ್‌ಪ್ಯಾಕ್ ಇಟ್ಟುಕೊಳ್ಳುವುದು ದುಬಾರಿ. 2025ರ ಮಾರ್ಚ್‌ನಲ್ಲಿ ಬಂದ ಗಿಂಪ್ 3.0 ಬೇಕು ಅಂತ ಹಲವರು ಹೀಗೆ ಮಾಡುತ್ತಾರೆ. ಪಾಸ್‌ಪೋರ್ಟ್ ಫೋಟೋ ಕತ್ತರಿಸಿ ಒಂದು ಹಾಳೆಯಲ್ಲಿ ಜೋಡಿಸಲು ಡೆಬಿಯನ್ 12ರ ಜೊತೆಗಿರುವ 2.10 ಧಾರಾಳ. ಬದಲಿಸಿದ ಮೇಲೆ 'ಫ್ಲಾಟ್‌ಪ್ಯಾಕ್ ಅನ್‌ಇನ್‌ಸ್ಟಾಲ್' ಆಜ್ಞೆಗೆ 'ಅನ್‌ಯೂಸ್ಡ್' ಆಯ್ಕೆ ಕೊಟ್ಟು ಅನಾಥ ರನ್‌ಟೈಮ್‌ಗಳನ್ನು ತೆಗೆಯಿರಿ.

ಪ್ರಿಂಟರ್ ಎಚ್‌ಪಿ ಕಂಪನಿಯದ್ದಾಗಿದ್ದರೆ ಆ ಕಂಪನಿಯ ಪ್ರಿಂಟರ್ ಸಾಫ್ಟ್‌ವೇರ್ ಆದ ಪೂರ್ತಿ ಎಚ್‌ಪಿಲಿಪ್ ಬದಲು ಕಪ್ಸ್ ಜೊತೆ 'ಪ್ರಿಂಟರ್-ಡ್ರೈವರ್-ಎಚ್‌ಪಿಕಪ್ಸ್' ಒಂದನ್ನೇ ಹಾಕಿ ನೋಡಿ. ಹಲವು ಮಾದರಿಗಳಿಗೆ ಅದೇ ಸಾಕು. ಕಂಪನಿಯ ಪ್ರತ್ಯೇಕ ಪ್ಲಗಿನ್ ಕೇಳುವ ಮಾದರಿಯಾದರೆ ಮಾತ್ರ ಎಚ್‌ಪಿಲಿಪ್ ಬೇಕು.

ಇನ್ನು ಕ್ರೋಮ್. ಅದನ್ನು ಕಂಪನಿಯ ಡೆಬ್ ಫೈಲ್‌ನಿಂದ ಹಾಕಿದರೆ ಅದು ತನ್ನ ರೆಪೊಸಿಟರಿಯನ್ನೂ (ಪ್ಯಾಕೇಜ್‌ಗಳು ಸಿಗುವ ಜಾಲತಾಣ) ನಿಮ್ಮ ಆಪ್ಟ್ ಪಟ್ಟಿಗೆ ಸೇರಿಸಿಕೊಳ್ಳುತ್ತದೆ. ಅದರಿಂದ ತೊಂದರೆ ಇಲ್ಲ, ಅಪ್‌ಡೇಟ್ ಸರಿಯಾಗಿ ಬರುತ್ತದೆ. ತೊಂದರೆ ಇರುವುದು ಸೆಟ್ಟಿಂಗ್ಸ್‌ನ ಸಿಸ್ಟಮ್ ಭಾಗದಲ್ಲಿ. ಕ್ರೋಮ್ ಮುಚ್ಚಿದ ಮೇಲೂ ಹಿನ್ನೆಲೆಯ ಆ್ಯಪ್‌ಗಳು ಓಡಲಿ ಅನ್ನೋ ಗುಂಡಿ ಇರುತ್ತದೆ, ಅದನ್ನು ಆಫ್ ಮಾಡಿ. ಫೈರ್‌ಫಾಕ್ಸ್ ಕೂಡ ಇದ್ದರೆ ಇರಲಿ, ಒಂದರಲ್ಲಿ ಓಡದ ಸರ್ಕಾರಿ ಪೋರ್ಟಲ್ ಇನ್ನೊಂದರಲ್ಲಿ ಓಡಬಹುದು. ಎರಡನ್ನೂ ಒಟ್ಟಿಗೆ ತೆರೆದಿಡಬೇಡಿ. ನೇರವಾಗಿ ಹೇಳಬೇಕೆಂದರೆ ಇಂದಿನ ವೆಬ್ ಪುಟಗಳಿಗೆ 2 ಜಿಬಿ ಸಾಲದು. ಎಷ್ಟೇ ಅಚ್ಚುಕಟ್ಟು ಮಾಡಿದರೂ ಬ್ರೌಸರ್‌ನ ಹಸಿವು ಕಡಿಮೆಯಾಗುವುದಿಲ್ಲ. 'ಝಡ್‌ರ‍್ಯಾಮ್-ಟೂಲ್ಸ್' ಅನ್ನೋ ಪ್ಯಾಕೇಜ್ ಹಾಕಿಕೊಳ್ಳಿ. ಅದು ರ‍್ಯಾಮಿನ ಒಂದು ಭಾಗದಲ್ಲಿ ಮಾಹಿತಿಯನ್ನು ಕುಗ್ಗಿಸಿ ಇಡುತ್ತದೆ, ರ‍್ಯಾಮ್ ಸಾಲದಾಗ ಡಿಸ್ಕಿನ ಸ್ವಾಪ್ ಜಾಗಕ್ಕೆ ಹೋಗುವುದು ಕಡಿಮೆಯಾಗುತ್ತದೆ. ಮೌಸ್ ತಡೆದು ತಡೆದು ಓಡುವುದು ಇದರಿಂದ ಎಷ್ಟೋ ಸುಧಾರಿಸುತ್ತದೆ. ಸದಾ ಓಡಲಿ ಅಂತ ನಾನು ಸಂತೋಷದಿಂದ ಹೇಳುವ ಸೇವೆ ಇದೊಂದೇ. ಬೋರ್ಡಿನಲ್ಲಿ ಜಾಗ ಇದ್ದರೆ ಇನ್ನೊಂದು 2 ಜಿಬಿ ರ‍್ಯಾಮ್ ಹಾಕಿಸಿ. ಹಳೆಯ ಯಂತ್ರಕ್ಕೆ ಅದಕ್ಕಿಂತ ಒಳ್ಳೆಯ ಖರ್ಚು ಇಲ್ಲ.

ಏನೇನು ಹಾಕಿದೆ ಅಂತ ನಿಮಗೇ ಮರೆತಿದ್ದರೆ ಆಪ್ಟ್ ಮರೆತಿರುವುದಿಲ್ಲ. ವಾರ್ ಫೋಲ್ಡರಿನ ಲಾಗ್ ಒಳಗೆ ಆಪ್ಟ್ ಅನ್ನೋ ಫೋಲ್ಡರ್, ಅದರೊಳಗೆ ಹಿಸ್ಟರಿ ಲಾಗ್ ಫೈಲ್ ಇದೆ. ಯಾವ ದಿನ, ಎಷ್ಟು ಗಂಟೆಗೆ, ಯಾವ ಆಜ್ಞೆ ಕೊಟ್ಟಿರಿ, ಅದರ ಹಿಂದೆ ಯಾವ ಯಾವ ಪ್ಯಾಕೇಜ್ ಬಂತು ಅಂತ ಪೂರ್ತಿ ಬರೆದಿರುತ್ತದೆ. ತಾನಾಗಿ ಬಂದವುಗಳ ಪಕ್ಕದಲ್ಲಿ 'ಆಟೊಮ್ಯಾಟಿಕ್' ಅಂತ ಇರುತ್ತದೆ. ಯಂತ್ರ ನಿಧಾನವಾಗಲು ಶುರುವಾದ ದಿನ ಅಂದಾಜಾಗಿ ನೆನಪಿದ್ದರೆ ಈ ಫೈಲನ್ನು ಅಲ್ಲಿಂದ ಹಿಂದಕ್ಕೆ ಓದುತ್ತಾ ಹೋಗಿ. ಹಳೆಯ ತಿಂಗಳುಗಳದ್ದು ಜಿಪ್ ಆಗಿ ಅದೇ ಫೋಲ್ಡರಿನಲ್ಲಿ ಇರುತ್ತದೆ.

ಮನೆಯ ಪೆಂಟಿಯಮ್ 4 ಬಗ್ಗೆ. ಅದು 32-ಬಿಟ್ ಅಂತ ಮೊದಲೇ ತೀರ್ಮಾನ ಮಾಡಬೇಡಿ, ಪೆಂಟಿಯಮ್ 4ರ ಕೊನೆಕೊನೆಯ ಮಾದರಿಗಳು 64-ಬಿಟ್ ಓಡಿಸುತ್ತವೆ. ಡಿಸ್ಕಿಗೆ ಹಾಕದೆಯೇ ಓಡುವ 32-ಬಿಟ್ ಲಿನಕ್ಸ್ ಇರುವ ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ 'ಎಲ್‌ಎಸ್‌ಸಿಪಿಯು' ಕೊಟ್ಟು ನೋಡಿ. 64-ಬಿಟ್ ಅಂತ ಬಂದರೆ ಮೇಲೆ ಹೇಳಿದ್ದನ್ನೇ ಮಾಡಿ. ಬರೀ 32-ಬಿಟ್ ಆಗಿದ್ದರೆ ಡೆಬಿಯನ್ 12ರಲ್ಲೇ ನಿಲ್ಲಬೇಕು. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ ಆ ಯಂತ್ರಗಳಿಗೆ ಇನ್‌ಸ್ಟಾಲರ್ ಇಲ್ಲ, ಲಿನಕ್ಸ್‌ನ ತಿರುಳಾದ ಕರ್ನಲ್ ಕೂಡ ಇಲ್ಲ. ಪೆಂಟಿಯಮ್ 4ರಲ್ಲಿ ಬ್ರೌಸರ್ ಓಡಿಸುವ ಆಸೆ ಬಿಡಿ. ಮಗನಿಗೆ ಪ್ರೋಗ್ರಾಮಿಂಗ್ ಕಲಿಯಲು ಜೀನಿ ಅನ್ನೋ ಸಣ್ಣ ಎಡಿಟರ್ ಹಾಕಿಕೊಡಿ. ಪೈಥಾನ್ 3 ಹೆಚ್ಚಾಗಿ ಡೆಬಿಯನ್ ಜೊತೆಗೇ ಬಂದಿರುತ್ತದೆ, ಬೇರೆ ಏನೂ ಹಾಕಬೇಕಿಲ್ಲ.